ಅಪ್‌ಡೇಟ್: ಅಪ್ಪನೊಂದಿಗೆ ಶಿಕ್ ತಂಡದ ಕಾರ್ಯಕ್ರಮಕ್ಕೆ ಹೋಗಿ ಬಂದೆ

ಮಂಡಿನೋವಿರುವ ಅಪ್ಪನನ್ನು ಲಂಡನ್ನಿನಲ್ಲಿ ನಡೆಯಲಿದ್ದ ಗಿಟಾರ್ ವಾದಕ ನೈಲ್ ರಾಜರ್ಸ್ ಮತ್ತು ಅವರ ಅಮೆರಿಕನ್ ಡಿಸ್ಕೊ ಸಂಗೀತ ತಂಡವಾದ ಶಿಕ್‌ನ ಕಾರ್ಯಕ್ರಮಕ್ಕೆ ಕರೆದೊಯ್ಯಬಹುದೇ, ಬಾಸ್ ಗಿಟಾರ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್ 1996ರಲ್ಲಿ ತೀರಿಕೊಂಡ ಮೇಲೂ ಆ ತಂಡದಲ್ಲಿ ಹಳೆಯ ಸತ್ವ ಉಳಿದಿದೆಯೇ ಎಂದು ನಾನು ಕಳೆದ ತಿಂಗಳು ಕೇಳಿದ್ದೆ. ನಿಂತು ನೋಡುವ ಟಿಕೆಟ್ ಬೇಡ, ಕೂರುವ ಜಾಗವನ್ನೇ ಕಾಯ್ದಿರಿಸಿ ಎಂದು ಸಲಹೆ ಕೊಟ್ಟವರಿಗೆಲ್ಲ ಕೃತಜ್ಞನಾಗಿದ್ದೇನೆ.

ರಾಜರ್ಸ್ ಅವರು ತಮ್ಮ ಬಿಳಿಯ ಸ್ಟ್ರಾಟೊಕಾಸ್ಟರ್ ಗಿಟಾರ್ ನುಡಿಸುವಾಗ ಬಲಗೈಯ ಮಣಿಕಟ್ಟು ಒಂದು ಕ್ಷಣವೂ ನಿಲ್ಲದೆ ಆಡುತ್ತಿತ್ತು. ಎಡಗೈ ಬೆರಳುಗಳು ತಂತಿಯನ್ನು ಒತ್ತಿ ಕೂಡಲೇ ಸಡಿಲಿಸುತ್ತಿದ್ದುದರಿಂದ ಸ್ವರಗಳು ಮೊಟಕಾಗಿ, ತಾಳವಾದ್ಯದ ಪೆಟ್ಟಿನಂತೆ ಕೇಳಿಸುತ್ತಿದ್ದವು. ಧ್ವನಿಮುದ್ರಣದಲ್ಲಿ ನನಗೆ ಇದು ಇಷ್ಟು ಸ್ಪಷ್ಟವಾಗಿ ಎಂದೂ ತಿಳಿದಿರಲಿಲ್ಲ. ಬ್ರಿಟಿಷ್ ಗಾಯಕ ಡೇವಿಡ್ ಬೋವಿಯವರಿಗಾಗಿ 1983ರಲ್ಲಿ ಅವರು ನಿರ್ಮಿಸಿದ ಹಾಡನ್ನೂ ಕೇಳಿದೆವು.

ಎಡ್ವರ್ಡ್ಸ್ ಅವರ ಸ್ಥಾನವನ್ನು ಯಾರೂ ತುಂಬಲಾರರು ಎಂಬ ಅಪ್ಪನ ಮಾತು ನನಗೂ ಸರಿಯೆನಿಸುತ್ತದೆ. ಆದರೆ 1979ರ ‘ಗುಡ್ ಟೈಮ್ಸ್’ ಹಾಡಿಗಾಗಿ ಎಡ್ವರ್ಡ್ಸ್ ಕಟ್ಟಿದ, ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್‌ನ ರ‍್ಯಾಪ್ ಗೀತೆಗೂ ಆಧಾರವಾದ ಆ ಬಾಸ್ ನಡೆ ಆರಂಭವಾದಾಗ, ನೆಲದ ಕಂಪನ ನಮ್ಮ ಕುರ್ಚಿಗಳವರೆಗೂ ಬಂತು. ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ ಅಪ್ಪ ಮುಂದಿನ ಕುರ್ಚಿಯನ್ನು ಹಿಡಿದು ಎದ್ದು ನಿಂತರು. ಹಾಡು ಮುಗಿಯುವವರೆಗೂ ಕೂರಲಿಲ್ಲ.