ಅಪ್‌ಡೇಟ್: ನಿದ್ದೆ ಮಾಡಿದರೂ ಸುಸ್ತು ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು

ಮೂರು ವಾರದ ಹಿಂದೆ ಕೇಳಿದ್ದೆ: ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಮೈಯೆಲ್ಲ ಭಾರ, ಯಾಕೆ ಅಂತ. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಈಗ ಕೊಯ್ಲಿನ ಸಮಯ.

ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಮಡಿಕೇರಿಗೆ ಹೋಗಿ ಮಾಡಿಸಿದೆ. ಹಿಮೋಗ್ಲೋಬಿನ್ 12.6, ಥೈರಾಯ್ಡ್, ಶುಗರ್ ಎಲ್ಲ ಸರಿಯಿದೆ. ಡಾಕ್ಟರ್ ಕೇಳಿದ್ದು ಒಂದೇ: "ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ?" ಆಗಲೇ ನನಗೆ ಹೊಳೆದದ್ದು. ಕಣದಲ್ಲಿ ಹರವಿದ ಕಾಫಿ ಮಳೆಗೆ ನೆನೆದರೆ ಅಂತ ಎರಡು ಗಂಟೆಗೆ ಎದ್ದು, ಕಿಟಕಿ ತೆಗೆದು ಮೋಡ ನೋಡುತ್ತಿದ್ದೆ. ಆಮೇಲೆ ನಾಳೆ ಕೆಲಸಕ್ಕೆ ಎಷ್ಟು ಜನ ಬರುತ್ತಾರೋ, ಆನೆ ತೋಟಕ್ಕೆ ನುಗ್ಗಿತೋ ಏನೋ ಅನ್ನುವ ಯೋಚನೆ. ಚಿಂತೆಯಲ್ಲಿದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಅನ್ನುವ ಒತ್ತಡದ ಹಾರ್ಮೋನುಗಳು ಜಾಸ್ತಿಯಾಗಿ, ಮಲಗಿದರೂ ಮೈ ಕಾವಲು ಕಾಯುತ್ತಲೇ ಇರುತ್ತದಂತೆ.

ಸುಸ್ತಿಗೆ ಅಂತ ಟಾನಿಕ್ ಕುಡಿದು ನೋಡಿದೆ, ಏನೂ ಆಗಲಿಲ್ಲ. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದ್ದು ರಾತ್ರಿ ನಿದ್ದೆಯನ್ನೇ ಕೆಡಿಸಿತು.

ಕೈ ಹಿಡಿದದ್ದು "ಸಂಜೆಯೇ ಚಿಂತೆಗಳನ್ನು ಬರೆದಿಡಿ" ಅಂದ ಅಕ್ಕನ ಮಾತು. ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯುತ್ತೇನೆ. "ಟಾರ್ಪಾಲ್ ಕಣದ ಹತ್ತಿರ ಇಟ್ಟಾಗಿದೆ" ಅಂತ ಬರೆದು ಗೆರೆ ಹೊಡೆದರೆ ಆ ವಿಷಯ ರಾತ್ರಿ ಕಾಡುವುದಿಲ್ಲ, ನಿಜವಾಗಿ.

ನನಗೆ ಗೊತ್ತಿಲ್ಲದಿದ್ದ ಇನ್ನೊಂದು ವಿಷಯ: ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ, ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ (ನಿದ್ದೆ ಓಡಿಸುವ ಅಂಶ). ನಮ್ಮನೆ ಪುಡಿ ಪೂರ್ತಿ ರೊಬಸ್ಟಾ, ಅದೂ ಸಂಜೆ ಆರಕ್ಕೆ ದೊಡ್ಡ ಲೋಟ! ಈಗ ಮಧ್ಯಾಹ್ನದ ನಂತರ ಕಾಫಿ ಇಲ್ಲ.

ಈ ವಾರ ಎರಡೇ ರಾತ್ರಿ ಎಚ್ಚರವಾಯಿತು. ಭುಜದ ಬಿಗಿತ ಮಾತ್ರ ಇನ್ನೂ ಇದೆ.