ತೋಳ ಇರೋ ರೋಮನ್ ಕಾಸು, ರಾಜ ಎಲ್ಲಿ?

ಬಿಸಿಬೇಳೆ_82:
ನಮಸ್ಕಾರ ಎಲ್ರಿಗೂ, ನಾನಿರೋದು ಜರ್ಮನೀಲಿ, ಹೋದ್ವಾರ ಒಂದು ಸಂತೇಲಿ ಮಣ್ಣು ಮೆತ್ಕೊಂಡಿರೋ ರೋಮನ್ ಕಾಸುಗಳನ್ನ ಗುಡ್ಡೆ ಹಾಕ್ಕೊಂಡು ಮಾರ್ತಿದ್ರು, ನಾಲ್ಕು ತಗೊಂಡೆ. ಒಂದರ ಹಿಂದ್ಗಡೆ ತೋಳ, ಅದರ ಹೊಟ್ಟೆ ಕೆಳಗೆ ಎರಡು ಮಕ್ಕಳು, ಮೇಲೆ ಎರಡು ನಕ್ಷತ್ರ, ತೀರಾ ಕೆಳಗೆ ಟಿ ಆರ್ ಎಸ್ ಅಂತ ಇದೆ. ಮುಂದ್ಗಡೆ ಹೆಲ್ಮೆಟ್ ಹಾಕಿರೋ ಹೆಂಗಸು, ಪಕ್ಕದಲ್ಲಿ ವಿ ಆರ್ ಬಿ ಎಸ್, ಆಮೇಲೆ ರೋಮಾ. ನಮ್ಮ ಒಂದ್ರೂಪಾಯಿಗಿಂತ ಚಿಕ್ದು. ರಾಜನ ಮುಖಾನೇ ಇಲ್ವಲ್ಲ, ಡೂಪ್ಲಿಕೇಟಾ? ಹುಣಸೆಹಣ್ಣು ಹಾಕಿ ತಿಕ್ಕಬಹುದಾ?

ಹಳೇಕಾಸು:
ಕೈಲಿ ಹಿಡೀದೆ ಅಸಲಿ ನಕಲಿ ಹೇಳಕ್ಕಾಗಲ್ಲ, ಆದ್ರೆ ಮುಖ ಇಲ್ಲ ಅಂತ ಅನುಮಾನ ಬೇಡ. ಆ ಹೆಂಗಸು ರೋಮ್ ನಗರಾನೇ, ದೇವತೆ ರೂಪದಲ್ಲಿ. ಆಗ ಯು ಬದ್ಲು ವಿ ಕೆತ್ತೋರು, ಹಾಗಾಗಿ ಉರ್ಬ್ಸ್ ರೋಮಾ ಅಂತ ಓದ್ಕೊಳಿ, ರೋಮ್ ಪಟ್ಟಣ ಅಂತ ಅರ್ಥ. ಮಕ್ಕಳು ರೋಮುಲಸ್, ರೀಮಸ್, ರೋಮ್ ಹುಟ್ಟಿದ ಕಥೇಲಿ ಬರೋ ಅವಳಿಗಳು, ತೋಳದ ಹಾಲು ಕುಡ್ದು ಬದುಕಿದೋರು. ಕಾನ್‌ಸ್ಟಂಟೈನ್ ಅನ್ನೋ ರೋಮನ್ ಚಕ್ರವರ್ತಿ ಕ್ರಿ.ಶ. 330ರಲ್ಲಿ ತನ್ನ ಹೊಸ ರಾಜಧಾನಿ, ಅಂದ್ರೆ ಈಗಿನ ಇಸ್ತಾಂಬುಲ್ ಆಗಿರೋ ಕಾನ್‌ಸ್ಟಾಂಟಿನೋಪಲ್ ಉದ್ಘಾಟನೆ ಮಾಡ್ದಾಗ ಶುರುವಾದ ಜೋಡಿ ಇದು, ಹಳೇ ಊರಿಗೊಂದು ಹೊಸ ಊರಿಗೊಂದು, ಹೊಸ ಊರಿಂದರಲ್ಲಿ ತೋಳದ ಜಾಗದಲ್ಲಿ ಹಡಗಿನ ಮೂತಿ ಮೇಲೆ ನಿಂತಿರೋ ವಿಜಯದೇವತೆ. ಟಿ ಆರ್ ಅಂದ್ರೆ ಟ್ರಿಯರ್ ಟಂಕಸಾಲೆ, ಎಸ್ ಅಂದ್ರೆ ಅಲ್ಲಿನ ಎರಡನೇ ವಿಭಾಗ. ನೀವಿರೋ ದೇಶದ್ದೇ ಊರು ಸ್ವಾಮಿ, ಟ್ರೈನ್ ಹತ್ತಿ ಹೋಗ್ಬನ್ನಿ, ಕಾಸಿಗೂ ತವರುಮನೆ ನೋಡ್ದಂಗಾಗುತ್ತೆ.

ಗುಡ್ಡದಮನೆ:
ಒಂದ್ಮಾತು ಸೇರಿಸ್ತೀನಿ. ಮುಖ ಇಲ್ದಿದ್ರೂ ಇದು ರಾಜನ ಪ್ರಚಾರಾನೇ ಗುರು, ಹೊಸ ಊರು ಕಟ್ದೆ ಅಂತ ಹಳೇದನ್ನ ಮರ್ತಿಲ್ಲ ಅಂತ ರೋಮಿನೋರ ಬೆನ್ನು ಸವರೋದು, ನಂಗಂತೂ ಹಂಗೇ ಅನ್ಸುತ್ತೆ. ಮುಖ ಬೇಕಿದ್ರೆ ಮಿಕ್ಕ ಮೂರು ನೋಡಿ, ಇಬ್ರು ಸೈನಿಕರು ಎದುರುಬದುರು ನಿಂತು ಮಧ್ಯೆ ಬಾವುಟದ ಕಂಬ ಇದ್ರೆ ಅದು ಗ್ಲೋರಿಯಾ ಎಕ್ಸರ್ಸಿಟಸ್, ಸೈನ್ಯದ ಕೀರ್ತಿ ಅಂತ. ಅದರ ಮುಂದ್ಗಡೆ ಸಾಮಾನ್ಯವಾಗಿ ಕಾನ್‌ಸ್ಟಂಟೈನ್ ಇಲ್ಲಾ ಅವನ ಮಕ್ಕಳಲ್ಲಿ ಯಾರಾದ್ರೂ ಇರ್ತಾರೆ. ಮೊದಲು ಎರಡು ಕಂಬ ಇತ್ತು, 335ರ ಸುಮಾರಿಗೆ ಕಾಸಿನ ತೂಕ ಇಳಿಸಿದಾಗ ಒಂದೇ ಕಂಬ ಉಳೀತು.

ಹಳೇಕಾಸು:
ಅಯ್ಯೋ ಹುಣಸೆಹಣ್ಣಿನ ವಿಷ್ಯ ಬಿಟ್ಟೇಹೋಯ್ತು! ಬೇಡ್ವೇ ಬೇಡ, ಅದೇನು ಪೂಜೆ ಚೊಂಬಲ್ಲ. ಹಳೇ ಕಾಸಿನ ಮೇಲಿರೋ ಹಸಿರು ಪದರ ಕೂತ್ಕೊಳಕ್ಕೆ ನೂರಾರು ವರ್ಷ ಹಿಡ್ದಿರುತ್ತೆ, ಹುಳಿ ಹಾಕಿದ್ರೆ ಅದೂ ಹೋಗುತ್ತೆ ಅದರ ಜೊತೆ ಅಕ್ಷರಾನೂ ಹೋಗುತ್ತೆ. ಡಿಸ್ಟಿಲ್ಡ್ ವಾಟರಲ್ಲಿ ನೆನೆಹಾಕಿ, ನೀರು ಬದಲಾಯಿಸ್ತಾ ಇರಿ, ಮಣ್ಣನ್ನ ಬಿದಿರು ಕಡ್ಡೀಲಿ ಮೆಲ್ಲಗೆ ತೆಗೀರಿ. ತಿಳಿಹಸಿರು ಪುಡಿ ಉದುರ್ತಿದ್ರೆ ಮಾತ್ರ ಅದನ್ನ ಬೇರೆ ಡಬ್ಬೀಲಿಡಿ, ಅದು ಲೋಹನೇ ತಿನ್ನೋ ರೋಗ.

ಬಿಸಿಬೇಳೆ_82:
ಥ್ಯಾಂಕ್ಸ್ ಸರ್, ಆದ್ರೆ ಲೇಟಾಯ್ತು, ಒಂದನ್ನ ನೆನ್ನೇನೇ ತಿಕ್ಬಿಟ್ಟೆ. ಈಗ ಫಳಫಳ ಅಂತಿದೆ, ಸೈನಿಕರೂ ಇಲ್ಲ ಕಂಬಾನೂ ಇಲ್ಲ.