ಟರ್ಕಿ ಶೂಟ್ ನಿಯಮಗಳು: ಕೋವಿ, ತೋಟಾ, ಕಾರ್ಡ್ ತೀರ್ಪು ಹೇಗಿದ್ದರೆ ಜಗಳ ಬರಲ್ಲ?

ಕ್ಯಾರೊಲೈನಾ_ಕನ್ನಡಿಗ ಕೇಳಿದ ಪ್ರಶ್ನೆ:

ನಾರ್ತ್ ಕ್ಯಾರೊಲೈನಾದ ಒಂದು ವಾಲಂಟಿಯರ್ ಫೈರ್ ಡಿಪಾರ್ಟ್‌ಮೆಂಟ್‌ಗೆ ಹಣ ಕೂಡಿಸಲು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ನಾಲ್ಕು ಶನಿವಾರ ಟರ್ಕಿ ಶೂಟ್ ನಡೆಸಬೇಕಾಗಿದೆ. ಹೆಸರು ಕೇಳಿ ಹಕ್ಕಿ ಹೊಡೆಯುತ್ತಾರೆ ಅಂದುಕೊಳ್ಳಬೇಡಿ. ಹಿಂದಿನ ಕಾಲದಲ್ಲಿ ಮರದ ದಿಮ್ಮಿಯ ಹಿಂದೆ ಜೀವಂತ ಟರ್ಕಿ ಕೋಳಿ ಕಟ್ಟಿ, ಮೇಲೆ ಕಾಣುವ ತಲೆಗೆ ಗುರಿಯಿಡುತ್ತಿದ್ದರಂತೆ. ಈಗ ಹೊಡೆಯುವುದು X ಗುರುತಿನ ಕಾರ್ಡಿಗೆ. X ನಡುವಿಗೆ ಯಾರ ಒಂದು ಚರೆ (ತೋಟಾದೊಳಗಿನ ಪುಟ್ಟ ಗುಂಡು) ಅತಿ ಹತ್ತಿರ ಬಿತ್ತೋ ಅವರಿಗೆ ಫ್ರೋಜನ್ ಟರ್ಕಿ ಅಥವಾ ಹ್ಯಾಮ್ (ಹಂದಿ ತೊಡೆಯ ಮಾಂಸ).

12 ಗೇಜ್ ಕೋವಿ (ಗೇಜ್ ಅಂದರೆ ನಳಿಗೆ ಅಗಲದ ಅಳತೆ), 30 ಗಜ ದೂರ, ಸುತ್ತಿಗೆ 20 ಜನ, ಒಂದು ಈಡಿಗೆ 5 ಡಾಲರ್. ಕಳೆದ ವರ್ಷ ಉದ್ದ ನಳಿಗೆಯ ಕೋವಿ ತಂದ ಇಬ್ಬರೇ ಹೆಚ್ಚುಕಡಿಮೆ ಅರ್ಧದಷ್ಟು ಸುತ್ತು ಗೆದ್ದರು, ಉಳಿದವರು ಬೇಸರಪಟ್ಟು ಬರುವುದನ್ನೇ ಬಿಟ್ಟರು. ಎರಡು ಕಾರ್ಡುಗಳ ಅಳತೆ ಬಗ್ಗೆಯೂ ವಾದ ಆಯಿತು. ಕೋವಿಗೆ ಯಾವ ಮಿತಿ ಹಾಕಬೇಕು, ಅಳೆಯುವುದು ಹೇಗೆ, ಸುರಕ್ಷತೆಗೆ ಎಷ್ಟು ಜಾಗ ಬೇಕು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಚರೆಲೆಕ್ಕ ಉತ್ತರ:

ಮೊದಲು ಲೆಕ್ಕ ನೋಡೋಣ, ಮಿತಿ ಎಲ್ಲಿ ಹಾಕಬೇಕು ಅನ್ನೋದು ಆಮೇಲೆ ತಾನೇ ಗೊತ್ತಾಗುತ್ತೆ. 8ನೇ ನಂಬರಿನ ಸೀಸದ ಚರೆ ಔನ್ಸಿಗೆ ಸುಮಾರು 410. 1⅛ ಔನ್ಸಿನ ತೋಟಾದಲ್ಲಿ ಸುಮಾರು 460 ಇರುತ್ತೆ. ಇದರಲ್ಲಿ ಯಾವ ಚರೆ ಎಲ್ಲಿ ಬೀಳುತ್ತೆ ಅನ್ನೋದು ಯಾರ ಕೈಯಲ್ಲೂ ಇಲ್ಲ. ಕೈಯಲ್ಲಿರೋದು X ಸುತ್ತ ಚದರ ಇಂಚಿಗೆ ಎಷ್ಟು ಚರೆ ಬೀಳುತ್ತೆ ಅನ್ನೋದು ಮಾತ್ರ. ಗೆಲ್ಲುವ ಸಾಧ್ಯತೆ ನೇರವಾಗಿ ಆ ದಟ್ಟಣೆಗೆ ತಕ್ಕಂತೆ. ಅಂದರೆ ದಟ್ಟಣೆ ಮೂರುಪಟ್ಟಾದರೆ ಅವನ ಕೈಯಲ್ಲಿ ಮೂರು ಲಾಟರಿ ಟಿಕೆಟ್ ಇದ್ದ ಹಾಗೆ. 20 ಜನರಲ್ಲಿ ಇಬ್ಬರದು ಮೂರುಪಟ್ಟಾದರೆ ಒಟ್ಟು 24 ಟಿಕೆಟ್‌ನಲ್ಲಿ 6 ಅವರದು, ನಾಲ್ಕರಲ್ಲಿ ಒಂದು ಸುತ್ತು ಅವರಿಗೇ ಹೋಗುತ್ತೆ.

ಆದರೆ ನೀವು ಅರ್ಧ ಅಂತೀರಿ. ಉಳಿದ ಕಾರಣ ಬೇರೆಯವರ ಕೋವಿಯಲ್ಲೇ ಇದೆ. ಬೀಡ್ (ಗುರಿ ಹಿಡಿಯಲು ನಳಿಗೆ ತುದಿಯಲ್ಲಿರುವ ಪುಟ್ಟ ಮಣಿ) ಮಾತ್ರ ಇರುವ ಎಷ್ಟೋ ಕೋವಿಗಳು ಗುರಿಗಿಂತ ಮೇಲಕ್ಕೆ ಹೊಡೆಯುತ್ತವೆ, 30 ಗಜಕ್ಕೆ ಮೂರ್ನಾಲ್ಕು ಇಂಚು ಮೇಲೆ ಹೋದರೂ ಹರಡಿನ ದಟ್ಟ ಭಾಗ X ತಪ್ಪಿಹೋಗುತ್ತೆ. ಸಣ್ಣ ಕಾರ್ಡಿನಲ್ಲಿ ಇದು ಕಾಣಿಸಲ್ಲ, ನಾಲ್ಕು ತೂತು ಬಿದ್ದಿದೆ ಅಂತಷ್ಟೇ ಅನ್ನಿಸುತ್ತೆ. ಮೂರಡಿ ಅಗಲ, ಮೂರಡಿ ಎತ್ತರದ ಕಾಗದ ಕಟ್ಟಿ, ನಡುವೆ ಗುರುತು ಹಾಕಿ, ಅದೇ 30 ಗಜದಿಂದ ಮೂರು ಈಡು ಹೊಡೆದರೆ ಹರಡಿನ ನಡು ಎಲ್ಲಿದೆ ಅಂತ ತಿಳಿಯುತ್ತೆ. ಆಟ ಶುರುವಾಗುವ ಮುಂಚೆ ಅರ್ಧ ಗಂಟೆ ಇಂಥ ಒಂದು ಹಲಗೆ ಎಲ್ಲರಿಗೂ ತೆರೆದಿಡಿ. ಹೊಸಬರು ಬಿಟ್ಟುಹೋಗದಿರಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕೋವಿ ಮಿತಿ: 12 ಗೇಜ್ ನಳಿಗೆಯ ಒಳವ್ಯಾಸ 0.729 ಇಂಚು. ಚೋಕ್ ಅಂದರೆ ಚರೆ ಹೆಚ್ಚು ಹರಡದಂತೆ ನಳಿಗೆಯ ಬಾಯನ್ನು ಕಿರಿದು ಮಾಡಿರುವುದು; ಫ್ಯಾಕ್ಟರಿ ಫುಲ್ ಚೋಕ್ ಬಾಯಲ್ಲಿ 0.690ರಿಂದ 0.695ರ ಆಸುಪಾಸು. ಟರ್ಕಿ ಶೂಟ್‌ಗೆಂದೇ ಮಾಡಿಸಿದ ನಳಿಗೆಗಳು 0.660, ಅದಕ್ಕಿಂತಲೂ ಬಿಗಿ. ಹೀಗಾಗಿ ನಳಿಗೆ ಉದ್ದವನ್ನು ಅಳೆದು ಏನೂ ಆಗಲ್ಲ, ಬಾಯಿಯನ್ನು ಅಳೆಯಬೇಕು. 0.680 ಇಂಚಿನ ಪ್ಲಗ್ ಗೇಜ್ (ಒಳವ್ಯಾಸ ಪರೀಕ್ಷಿಸುವ ಲೋಹದ ಬೆಣೆ) ಒಂದು ತರಿಸಿ. ಖಾಲಿ ಕೋವಿಯ ಬಾಯೊಳಗೆ ಅದು ಸಲೀಸಾಗಿ ಇಳಿದರೆ ಸ್ಟಾಕ್ (ಮಾಮೂಲಿ ಕೋವಿ) ವಿಭಾಗ, ಇಳಿಯದಿದ್ದರೆ ಓಪನ್ ವಿಭಾಗ. ಬಿಗಿ ಚೋಕ್‌ನವರನ್ನು ಓಡಿಸಬೇಡಿ, ಅವರಿಗೂ ಪ್ರತಿ ನಾಲ್ಕನೇ ಸುತ್ತು ಬೇರೆಯಾಗಿ ಇಡಿ. ಸ್ಕೋಪ್ ಬೇಡ, ಬೀಡ್ ಸಾಕು.

ತೋಟಾ ನಿಮ್ಮ ಮೇಜಿನಿಂದಲೇ, ಒಂದೇ ಲಾಟಿನದ್ದು, ಲೈನಿನಲ್ಲಿ ನಿಂತ ಮೇಲೆ ಒಂದೊಂದೇ ಕೊಡಿ. 9ನೇ ನಂಬರ್ ಚರೆ ಇನ್ನೂ ಸಣ್ಣದು, ಔನ್ಸಿಗೆ 585 ಇರುತ್ತೆ. ಜೇಬಿನಿಂದ ಅದನ್ನು ತೆಗೆದು ಹಾಕಿದವನಿಗೆ ಟಿಕೆಟ್ ನೂರಕ್ಕೆ ನಲವತ್ತರಷ್ಟು ಹೆಚ್ಚು.

ಎರಡನೇ_ಜಡ್ಜ್ ಉತ್ತರ:

ಮೇಲಿನವರ ಲೆಕ್ಕವನ್ನೇ ಮುಂದುವರಿಸ್ತೀನಿ. ಚದರ ಇಂಚಿಗೆ 2 ಚರೆ ಬಿದ್ದರೆ, 20 ಕಾರ್ಡುಗಳಲ್ಲಿ ಗೆದ್ದ ಚರೆ X ನಡುವಿನಿಂದ ಸರಾಸರಿ 2 ಮಿಲಿಮೀಟರ್ ದೂರ ಇರುತ್ತೆ. 8ನೇ ನಂಬರ್ ಚರೆಯ ಅಡ್ಡಳತೆಯೇ 2.3 ಮಿಲಿಮೀಟರ್! ಅಂದರೆ ಗೆಲುವು ಸೋಲು ಒಂದು ತೂತಿನ ಅಂಚಿನಲ್ಲಿ ತೀರ್ಮಾನ ಆಗುತ್ತೆ. ಬರಿಗಣ್ಣಿಂದ ನೋಡಿ ಹೇಳಿದರೆ ಜಗಳ ಖಚಿತ.

ಯಾವುದನ್ನು ಅಳೆಯುತ್ತೀರಿ ಅಂತ ಮೊದಲೇ ಬೋರ್ಡ್ ಮೇಲೆ ಬರೆಯಿರಿ: ತೂತಿನ ನಡುವಿನಿಂದ X ನಡುವಿಗೆ. ತೂತಿನ ಅಂಚಿನಿಂದ ಅಳೆಯಲು ಹೋಗಬೇಡಿ. ಚರೆ ತೂರಿಹೋದ ಮೇಲೆ ಕಾಗದದ ನಾರು ಒಳಕ್ಕೆ ಮುದುಡಿಕೊಳ್ಳುತ್ತೆ, ತೂತು ಚರೆಗಿಂತ ಚಿಕ್ಕದಾಗಿ ಕಾಣುತ್ತೆ, ಅಂಚು ಒಂದೊಂದು ಕಡೆ ಒಂದೊಂದು ಥರ ಹರಿದಿರುತ್ತೆ. ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಇಟ್ಟು ನೋಡಿ, ತೂತಿನ ಸುತ್ತ ಸೀಸ ಉಜ್ಜಿದ ಬೂದು ಬಣ್ಣದ ಉಂಗುರ ಇರುತ್ತೆ. ಆ ಉಂಗುರದ ನಡುವೇ ಚರೆಯ ನಡು. 1 ಮಿಲಿಮೀಟರ್‌ಗೊಂದರಂತೆ ಉಂಗುರ ಅಚ್ಚು ಮಾಡಿದ ಪಾರದರ್ಶಕ ಹಾಳೆ, 10 ಪಟ್ಟಿನ ಲೂಪ್, ಒಳ್ಳೆ ಬೆಳಕು, ಇಷ್ಟಿದ್ದರೆ ಸಾಕು.

X ಗೆರೆಗಳು ಕಾರ್ಡಿನ ನಾಲ್ಕೂ ಮೂಲೆವರೆಗೆ ಹೋಗಿರಬೇಕು, ಇದು ಬಹಳ ಮುಖ್ಯ. ಎರಡು ಮೂರು ಚರೆ ನಡುವಿಗೇ ಬಿದ್ದರೆ X ಹಾರಿಹೋಗುತ್ತೆ. ಗೆರೆ ಮೂಲೆವರೆಗೆ ಇದ್ದರೆ ಸ್ಕೇಲ್ ಇಟ್ಟು ಅಲ್ಲಿಂದ ಎಳೆದು ನಡುವನ್ನು ಮತ್ತೆ ಕಂಡುಹಿಡಿಯಬಹುದು. ಒಂದಿಂಚಿನ ಪುಟ್ಟ X ಅಚ್ಚು ಹಾಕಿಸಿದವರಿಗೆ ಆಗ ಆಧಾರವೇ ಉಳಿಯಲ್ಲ. ಕಾರ್ಡ್ ದಪ್ಪ ಇರಲಿ. ಸಂಜೆ ಇಬ್ಬನಿಗೆ ತೆಳು ಕಾಗದ ಮೆತ್ತಗಾಗಿ ತೂತು ಉದ್ದಕ್ಕೆ ಸೀಳಿಕೊಳ್ಳುತ್ತೆ. ನಾಲ್ಕು ಮೂಲೆಗೂ ಪಿನ್ ಹೊಡೆಯಿರಿ, ಉಬ್ಬಿದ ಕಾರ್ಡಿನಲ್ಲಿ ಅಳತೆ ತಪ್ಪುತ್ತೆ.

ಹೆಚ್ಚಿನವರು ಮಾಡುವ ತಪ್ಪು ಕಾರ್ಡುಗಳ ನಡುವಿನ ಅಂತರ. 30 ಗಜಕ್ಕೆ ಫುಲ್ ಚೋಕ್ ಹರಡು ಎರಡೂವರೆ ಅಡಿ ಅಗಲ ದಾಟುತ್ತೆ, ಅಂಚಿನ ಬಿಡಿ ಚರೆಗಳು ಇನ್ನೂ ಆಚೆ ಹೋಗುತ್ತವೆ. ಎರಡಡಿ ಅಂತರದಲ್ಲಿ ಕಾರ್ಡ್ ಕಟ್ಟಿದರೆ ಪಕ್ಕದವನ ಚರೆ ನಿಮ್ಮ X ಮೇಲೆ ಬಿದ್ದು ನೀವು ಗೆಲ್ಲಬಹುದು! ಒಬ್ಬೊಬ್ಬರೇ ಹೊಡೆದರೂ ಇದು ತಪ್ಪಲ್ಲ, ಕಾರ್ಡುಗಳೆಲ್ಲ ಅಲ್ಲೇ ಇರುತ್ತವಲ್ಲ. ಕಾರ್ಡಿನಿಂದ ಕಾರ್ಡಿಗೆ ಕನಿಷ್ಠ ಆರಡಿ ಇಡಿ. ಅಷ್ಟು ಅಗಲ ಇಲ್ಲದಿದ್ದರೆ ಸುತ್ತನ್ನು ಹತ್ತು ಹತ್ತು ಜನರ ಎರಡು ಸರದಿ ಮಾಡಿ.

ಕಾರ್ಡಿನ ಹಿಂದೆ ನಂಬರ್ ಮಾತ್ರ ಇರಲಿ, ಹೆಸರಿನ ಪಟ್ಟಿ ಟಿಕೆಟ್ ಮೇಜಿನಲ್ಲಿ. ಆ ಸುತ್ತಿನಲ್ಲಿ ಹೊಡೆಯದ ಇಬ್ಬರು ತೀರ್ಪು ಕೊಡಲಿ. ವ್ಯತ್ಯಾಸ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಅಳೆಯುತ್ತಾ ಕೂರಬೇಡಿ, ಇಬ್ಬರಿಗೂ ಇನ್ನೊಂದು ಈಡು. ಗೆದ್ದ ಕಾರ್ಡನ್ನೂ ಅದರ ಹತ್ತಿರದ ಎರಡನ್ನೂ ಬೋರ್ಡಿಗೆ ಚುಚ್ಚಿಡಿ, ಯಾರು ಬೇಕಾದರೂ ಲೂಪ್ ಹಿಡಿದು ನೋಡಲಿ.

ರೇಂಜ್_ಕಾವಲು ಉತ್ತರ:

ಜಾಗದ ವಿಷಯ. ಸೀಸದ ಚರೆ ಗರಿಷ್ಠ ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ಹಳೇ ಸೂತ್ರ ಇದೆ: ಚರೆಯ ಅಡ್ಡಳತೆಯನ್ನು ಇಂಚಿನಲ್ಲಿ ತಗೊಂಡು 2200ರಿಂದ ಗುಣಿಸಿದರೆ ಗಜ. 8ನೇ ನಂಬರ್ 0.09 ಇಂಚು, ಅಂದರೆ ಸುಮಾರು 200 ಗಜ. ಬೆನ್ನುಗಾಳಿಯನ್ನೂ ಎಣಿಸಿ ಕಾರ್ಡಿನ ಹಿಂದೆ, ಎರಡೂ ಬದಿಗೆ ಓರೆಯಾಗಿಯೂ 300 ಗಜ ಮನೆ, ರಸ್ತೆ, ದನ ಇಲ್ಲದ ಜಾಗ ಬೇಕು. ಮಣ್ಣಿನ ದಿಬ್ಬ ಇದ್ದರೆ ಒಳ್ಳೆಯದು, ಆದರೆ ಎತ್ತರಕ್ಕೆ ಹೋದ ಈಡನ್ನು ಅದು ತಡೆಯಲ್ಲ. ಅದೇ ಸೂತ್ರಕ್ಕೆ 00 ಬಕ್‌ಶಾಟ್‌ನ (ದೊಡ್ಡ ಬೇಟೆಯ ದಪ್ಪ ಚರೆ) 0.33 ಇಂಚು ಹಾಕಿ ನೋಡಿ: 726 ಗಜ! ಸ್ವಂತ ತೋಟಾ ಬೇಡ ಅನ್ನುವುದಕ್ಕೆ ನ್ಯಾಯಕ್ಕಿಂತ ದೊಡ್ಡ ಕಾರಣ ಇದು.

ಮಕ್ಕಳಿಗೆ 20 ಗೇಜ್ ವಿಭಾಗ ಮಾಡುವ ಆಲೋಚನೆ ಇದ್ದರೆ ಅದೇ ದಿನ ಅದೇ ಮೇಜಿನಲ್ಲಿ ಖಂಡಿತ ಬೇಡ. ಸಣ್ಣದಾದ 20 ಗೇಜ್ ತೋಟಾ 12 ಗೇಜ್ ಕೋವಿಯ ಚೇಂಬರಿಗೆ (ತೋಟಾ ಕೂರುವ ಜಾಗ) ಜಾರಿ ಒಳಗೆ ಹೋಗಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತೆ. ಟ್ರಿಗರ್ ಒತ್ತಿದರೆ ಹೊಡೆಯಲ್ಲ. ಖಾಲಿ ಇರಬೇಕು ಅಂದುಕೊಂಡು ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತೆ. 20 ಗೇಜ್ ತೋಟಾಕ್ಕೆ ಹಳದಿ ಬಣ್ಣ ಹಾಕುವುದು ಇದಕ್ಕೇ. ‘ಟಿಕ್’ ಅಂದು ಹೊಡೆಯದಿದ್ದರೆ ಮೂತಿ ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾದು, ತೆರೆದು, ನಳಿಗೆಯ ಉದ್ದಕ್ಕೂ ಬೆಳಕು ಕಾಣುತ್ತಾ ಅಂತ ನೋಡಲೇಬೇಕು. ಸದ್ದು ಸಪ್ಪೆಯಾಗಿ ಬಂದರೂ ಅಷ್ಟೇ, ವ್ಯಾಡ್ (ಮದ್ದು, ಚರೆಗಳ ನಡುವಿನ ಬಿರಡೆ) ಒಳಗೇ ಉಳಿದಿರಬಹುದು.

ಕಾರ್ಡ್ ಬದಲಾಯಿಸಲು ಜನ ಮುಂದೆ ಹೋಗುವಾಗ ಎಲ್ಲ ಕೋವಿಯೂ ಚೇಂಬರ್ ತೆರೆದು ಸ್ಟ್ಯಾಂಡಿನಲ್ಲಿರಬೇಕು. ಯಾರೂ ಮುಟ್ಟುವಂತಿಲ್ಲ, ಒರೆಸುವಂತೆಯೂ ಇಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಬಿಯರ್ ಕುಡಿದವರಿಗೆ ಟಿಕೆಟ್ ಇಲ್ಲ. ಶೆರಿಫ್ ಕಚೇರಿಗೆ ಮೊದಲೇ ತಿಳಿಸಿ, ಕೌಂಟಿಯ ನಿಯಮ ಕೇಳಿಕೊಳ್ಳಿ, ಡಿಪಾರ್ಟ್‌ಮೆಂಟಿನ ಇನ್ಶೂರೆನ್ಸ್ ಇಂಥ ಕಾರ್ಯಕ್ರಮಕ್ಕೆ ಅನ್ವಯಿಸುತ್ತಾ ಅಂತ ಬರವಣಿಗೆಯಲ್ಲಿ ಪಡೆಯಿರಿ.

ಕ್ಯಾರೊಲೈನಾ_ಕನ್ನಡಿಗ:

ತುಂಬಾ ಉಪಕಾರ ಆಯ್ತು. ಆರಡಿ ಅಂತರದ ವಿಷಯ ನಮ್ಮ ಲೆಕ್ಕದಲ್ಲೇ ಇರಲಿಲ್ಲ, ನಮ್ಮ ಹಲಗೆಯಲ್ಲಿ ಎರಡೂವರೆ ಅಡಿ ಇದೆ. ಒಂದೇ ಪ್ರಶ್ನೆ ಉಳಿಯಿತು: ಸುತ್ತು ತುಂಬದಿದ್ದರೆ ಏನು ಮಾಡ್ತೀರಿ?

ಚರೆಲೆಕ್ಕ:

20 ಜನ ಇದ್ದರೆ ಬರೋದು 100 ಡಾಲರ್. ಹ್ಯಾಮ್‌ಗೆ 25, ತೋಟಾ ಒಂದಕ್ಕೆ ಅರ್ಧ ಡಾಲರ್ ಅಂತ ಹಿಡಿದರೆ 10, ಉಳಿಯೋದು 65. 12 ಜನರಿಗೇ ಶುರು ಮಾಡಿದರೆ 60 ಬಂದು, 25 ಮತ್ತು 6 ಹೋಗಿ 29 ಮಾತ್ರ. ಅದಕ್ಕೇ 15ರ ಕೆಳಗೆ ಹ್ಯಾಮ್ ಸುತ್ತು ಬೇಡ, ಬೇಕನ್ ಪ್ಯಾಕೆಟ್ ಸುತ್ತು ಮಾಡಿ. ಯಾವ ಸುತ್ತಿಗೆ ಏನು ಬಹುಮಾನ ಅಂತ ಟಿಕೆಟ್ ಮಾರುವ ಮುಂಚೆಯೇ ಹೇಳಿಬಿಡಿ, ಹಣ ತಗೊಂಡ ಮೇಲೆ ಬದಲಾಯಿಸಬೇಡಿ. ಟರ್ಕಿಗಳನ್ನು ಕೊನೆವರೆಗೂ ಫ್ರೀಜರಿನಲ್ಲೇ ಇಡಿ, ಗೆದ್ದವರಿಗೆ ಚೀಟಿ ಕೊಟ್ಟು ಮನೆಗೆ ಹೊರಡುವಾಗ ತಗೊಳ್ಳಲು ಹೇಳಿ.